ಒಂದು ಮಳೆಗಾಲ ಕಳೆದ ಮೇಲೆ: ಅಂಬಲಪಾಡಿಯ ನಮ್ಮ ಮನೆಯ ಒಳಾಂಗಣ ನವೀಕರಣದ ವಿಮರ್ಶೆ

ಉಡುಪಿಯ ಅಂಬಲಪಾಡಿಯಲ್ಲಿರುವ ನಮ್ಮ ಮನೆಯ ಒಳಾಂಗಣದ ಕೆಲಸ ಮೇ ತಿಂಗಳ ಮೊದಲ ವಾರದಲ್ಲಿ ಮುಗಿಯಿತು. ಆಚಾರಿಗಳು ಉಪಕರಣಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ ದಿನವೇ, ಕೆಲಸ ಹೇಗಾಗಿದೆ ಎಂದು ನಾಲ್ಕು ಮಾತು ಬರೆದುಕೊಡುವಂತೆ ತಂಡದವರು ಕೇಳಿದ್ದರು. ಮಳೆಗಾಲ ಕಳೆಯಲಿ, ಆಮೇಲೆ ಬರೆಯುತ್ತೇನೆ ಎಂದು ಹೇಳಿದ್ದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುವ ಈ ಜಿಲ್ಲೆಯಲ್ಲಿ, ಮೇ ತಿಂಗಳಿನಲ್ಲಿ ಯಾರು ಮಾಡಿದ ಕಪಾಟೂ ಚೆನ್ನಾಗಿಯೇ ಕಾಣುತ್ತದೆ, ಯಾರು ಕೂರಿಸಿದ ಬಾಗಿಲೂ ಸಲೀಸಾಗಿಯೇ ಮುಚ್ಚುತ್ತದೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಹೊತ್ತಿಗೆ, ವಾರಗಟ್ಟಲೆ ಬಿಸಿಲು ಕಾಣದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ, ಉಪ್ಪಿನ ಭರಣಿಯಲ್ಲಿ ನೀರು ಬಿಟ್ಟುಕೊಂಡಾಗ ಮಾತ್ರ ಆ ಕೆಲಸದ ನಿಜವಾದ ಗುಣ ತಿಳಿಯುತ್ತದೆ. ಈಗ ನವರಾತ್ರಿ ಮುಗಿದಿದೆ. ಬರೆಯಲು ಬೇಕಾದಷ್ಟು ಸಂಗತಿ ನನ್ನ ಬಳಿ ಇದೆ.

ಕೆಲಸ ಮಾಡಿದವರು ಉಡುಪಿಯಲ್ಲೇ ಸಣ್ಣ ಕಚೇರಿ ಇಟ್ಟುಕೊಂಡಿರುವ ಇಬ್ಬರು ವಿನ್ಯಾಸಕರು ಮತ್ತು ಅವರೊಂದಿಗೆ ಖಾಯಂ ಆಗಿ ದುಡಿಯುವ ಆಚಾರಿಗಳು, ಮೇಸ್ತ್ರಿ, ಪೈಂಟರ್ ಮತ್ತು ವಯರಿಂಗ್‌ನವರು. ಮೆಚ್ಚುಗೆಯ ಜೊತೆಗೆ ತಪ್ಪುಗಳನ್ನೂ ಬರೆಯುತ್ತಿರುವುದರಿಂದ ಹೆಸರು ಹಾಕುತ್ತಿಲ್ಲ. ನಮ್ಮ ಮನೆಯಂಥ ಮನೆ ಇರುವವರಿಗೆ ಯಾವುದನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದು ಇದರಿಂದ ಗೊತ್ತಾದರೆ ಸಾಕು.

ನಮ್ಮದು ಮಾವನವರು 1988ರಲ್ಲಿ ಕಟ್ಟಿಸಿದ ಮನೆ. ಗೋಡೆಗಳು ಕೆಂಪುಕಲ್ಲಿನವು. ಎದುರಿನ ಜಗಲಿ ಮತ್ತು ಚಾವಡಿಗೆ ಮಂಗಳೂರು ಹಂಚಿನ ಮಾಡು, ಚಾವಡಿಗೆ ಮಾಡಿನ ಕೆಳಗೆ ಮರದ ಹಲಗೆಯ ಮುಚ್ಚಿಗೆ, ಹಿಂದಿನ ಕೋಣೆಗಳಿಗೆ ಮತ್ತು ಅಡಿಗೆ ಮನೆಗೆ ಕಾಂಕ್ರೀಟ್ ತಾರಸಿ. ನೆಲವೆಲ್ಲ ಕಾವಿ ಹಾಕಿದ ಸಿಮೆಂಟಿನದು. ಸಮುದ್ರ ಹತ್ತಿರವೇ ಇರುವುದರಿಂದ ಉಪ್ಪು ಗಾಳಿ ವರ್ಷವಿಡೀ ಬರುತ್ತದೆ. ಅಡಿಗೆ ಮನೆಯ ಮರದ ಕಪಾಟಿಗೆ ಒರಲೆ (ಗೆದ್ದಲು) ಹಿಡಿದಿತ್ತು, ಪಡುವಣ ಗೋಡೆಯ ಸುಣ್ಣಬಣ್ಣ ಪ್ರತಿ ವರ್ಷ ಹಪ್ಪಳದಂತೆ ಎದ್ದು ಬರುತ್ತಿತ್ತು, ಮಲಗುವ ಕೋಣೆಯ ಗೋದ್ರೇಜ್ ಕಪಾಟಿನ ಹಿಂಭಾಗ ಬೂಷ್ಟು ಹಿಡಿಯುತ್ತಿತ್ತು. ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ, ನಾವಿಬ್ಬರು ಮತ್ತು ರಜೆಗೆ ಬರುವ ಮಗಳು. ಶಾಲೆಯಿಂದ ನಿವೃತ್ತಳಾಗಲು ನನಗೆ ಇನ್ನು ನಾಲ್ಕು ವರ್ಷವಿದೆ. ಆ ಹೊತ್ತಿಗೆ ಮನೆ ವಾಸಕ್ಕೆ ಅನುಕೂಲವಾಗಿರಬೇಕು ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಮೊದಲು ಬಂದದ್ದು ಬೇರೊಂದು ಸಂಸ್ಥೆ. ಅಳತೆ ತೆಗೆದುಕೊಂಡು ಹೋಗಿ ಎರಡೇ ದಿನಗಳಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಚಿತ್ರ ಮಾಡಿ ತೋರಿಸಿದರು. ಚಿತ್ರದಲ್ಲಿ ಚಾವಡಿಯ ಮುಚ್ಚಿಗೆ ಕಾಣಿಸಲಿಲ್ಲ, ಅದರ ಕೆಳಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಬಂದಿತ್ತು. ಕಾವಿ ನೆಲದ ಮೇಲೆ ಬಿಳಿಯ ವಿಟ್ರಿಫೈಡ್ ಟೈಲ್ಸ್ ಬಂದಿತ್ತು. ದರವನ್ನು ಚದರಡಿಗೆ ಇಷ್ಟು ಎಂದು ಒಂದೇ ಸಾಲಿನಲ್ಲಿ ಬರೆದಿದ್ದರು. ಯಾವ ಹಲಗೆ, ಎಷ್ಟು ದಪ್ಪ, ಹಿಂಬದಿಗೆ ಏನು ಹಾಕುತ್ತಾರೆ ಎಂದು ಕೇಳಿದ್ದಕ್ಕೆ, ಎಲ್ಲ ಒಳ್ಳೆಯ ಕ್ವಾಲಿಟಿಯದೇ ಮೇಡಂ ಎಂಬ ಉತ್ತರ ಬಂತು. ಅದಾಗಲೇ ಮಂಗಳೂರಿನ ಬಿಜೈಯಲ್ಲಿರುವ ತಂಗಿಯ ಫ್ಲಾಟಿನಲ್ಲಿ, ಸಿಂಕಿನ ಕೆಳಗಿನ ಎಂಡಿಎಫ್ ಬಾಗಿಲುಗಳು ಒಂದೇ ಮಳೆಗಾಲಕ್ಕೆ ಕಡುಬಿನಂತೆ ಉಬ್ಬಿ, ಮುಚ್ಚಲು ಬಾರದೆ, ಹಗ್ಗ ಕಟ್ಟಿ ಇಟ್ಟಿದ್ದನ್ನು ನೋಡಿದ್ದೆ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡುವ ಆ ಹಲಗೆಗೆ ಅಂಚಿನಿಂದ ನೀರು ಹೊಕ್ಕರೆ ನಾರು ನೀರು ಹೀರಿ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಆದ್ದರಿಂದ ಆ ಸಂಸ್ಥೆಗೆ ಬೇಡವೆಂದು ತಿಳಿಸಿದೆವು.

ನಂತರ ಬಂದ ಈ ತಂಡದವರು ಮೊದಲ ಭೇಟಿಯಲ್ಲಿ ಚಿತ್ರ ತರಲಿಲ್ಲ. ವಿನ್ಯಾಸಕಿ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಬರುತ್ತೇನೆ, ನೀವು ದಿನವೂ ಮಾಡುವಂತೆ ಅಡಿಗೆ ಮಾಡಿ, ನಾನು ನೋಡುತ್ತೇನೆ ಎಂದು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಹೇಳಿದ ಹೊತ್ತಿಗೆ ಬಂದು, ಒಂದು ಪುಸ್ತಕ ಹಿಡಿದುಕೊಂಡು, ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಒಂಬತ್ತರವರೆಗೂ ನೋಡಿದರು. ನಮ್ಮದು ಕುಚ್ಚಲಕ್ಕಿ ಉಣ್ಣುವ ಮನೆ. ಕುಕ್ಕರಿನಲ್ಲಿ ಇಡುವುದಿಲ್ಲ; ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅಕ್ಕಿ ಹಾಕಿ, ಮುಕ್ಕಾಲು ಗಂಟೆಗೂ ಹೆಚ್ಚು ಬೇಯಿಸಿ, ಆಮೇಲೆ ಗಂಜಿ ಬಸಿಯಬೇಕು. ಅಷ್ಟು ಹೊತ್ತು ಒಂದೇ ಸಮನೆ ಏಳುವ ಹಬೆ ಒಲೆಯ ಮೇಲಿನ ಕಪಾಟಿಗೇ ತಾಗುತ್ತಿತ್ತು. ಹಳೆಯ ಕಪಾಟು ಅಲ್ಲಿಂದಲೇ ಕೆಡಲು ಆರಂಭವಾದದ್ದು ಎಂದು ಅವರು ಕೈಯಿಟ್ಟು ತೋರಿಸಿದ ಮೇಲಷ್ಟೇ ನನಗೆ ಹೊಳೆಯಿತು. ಕುದಿಯುವ ಪಾತ್ರೆಯನ್ನು ಒಲೆಯಿಂದ ಎತ್ತಿ, ಆರು ಹೆಜ್ಜೆ ನಡೆದು, ಸಿಂಕಿಗೆ ಬಗ್ಗಿಸುತ್ತಿದ್ದೇನೆ ಎಂಬುದನ್ನೂ ಅವರು ಬರೆದುಕೊಂಡರು. ಅತ್ತೆ ನೆಲದ ಮೇಲೆ ಹೆರೆಮಣೆಯಲ್ಲಿ ಕುಳಿತು ಕಾಯಿ ತುರಿದು, ಏಳುವಾಗ ಗ್ಯಾಸ್ ಸಿಲಿಂಡರನ್ನು ಹಿಡಿದುಕೊಂಡು ಏಳುತ್ತಾರೆ ಎಂಬುದನ್ನು ಕಂಡಾಗ ಅವರು ಪೆನ್ನು ಕೆಳಗಿಟ್ಟು, "ಅಮ್ಮ, ನಿಮಗೆ ಹಿಡ್ಕೊಳ್ಳಲಿಕ್ಕೆ ಅಲ್ಲಿ ಒಂದು ಏನಾದ್ರೂ ಗಟ್ಟಿಯಾದ್ದು ಬೇಕು" ಎಂದರು. ಮೂವತ್ತು ವರ್ಷಗಳಿಂದ ಆ ಅಡಿಗೆ ಮನೆಯಲ್ಲಿ ಇರುವ ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಈ ಒಂದು ಬೆಳಗಿನಿಂದ ಬಂದ ವಿನ್ಯಾಸ ಹೀಗಿದೆ. ಅನ್ನದ ಒಲೆ ಕಿಟಕಿಯ ಬದಿಗೆ ಬಂತು, ಅದರ ಮೇಲೆ ಕಪಾಟು ಇಲ್ಲ, ಚಿಮಣಿ ಮಾತ್ರ. ಅದರ ಕೊಳವೆ ನೇರವಾಗಿ ಹೊರಗೋಡೆಯಿಂದ ಆಚೆಗೆ ಹೋಗುತ್ತದೆ. ಸಿಂಕ್ ಒಲೆಯ ಪಕ್ಕಕ್ಕೇ ಬಂತು. ನಡುವೆ ಎರಡು ಅಡಿ ಕರಿ ಗ್ರಾನೈಟ್ ಕಟ್ಟೆ ಇದ್ದು, ಎಲ್ಲವೂ ಒಂದೇ ಮಟ್ಟದಲ್ಲಿರುವುದರಿಂದ ಪಾತ್ರೆಯನ್ನು ಎತ್ತದೆ ಜಾರಿಸಿಕೊಂಡು ಹೋಗಿ ಬಸಿಯಬಹುದು. ಕಟ್ಟೆಯ ಎತ್ತರವನ್ನು ಮಾರುಕಟ್ಟೆಯ ರೂಢಿಯ 34 ಇಂಚಿಗೆ ಬಿಡದೆ, ನನ್ನನ್ನು ನಿಲ್ಲಿಸಿ, ಮೊಣಕೈ ಮಡಚಿಸಿ, ಮೊಣಕೈಯಿಂದ ಐದು ಇಂಚು ಕೆಳಗೆ ಗುರುತು ಹಾಕಿ 32 ಇಂಚಿಗೆ ನಿಗದಿ ಮಾಡಿದರು. ನನ್ನ ಯಜಮಾನರು ಪಾತ್ರೆ ತೊಳೆಯುವಾಗ ತುಸು ಬಗ್ಗಬೇಕಾಗುತ್ತದೆ ನಿಜ, ಆದರೆ ಸಂಜೆಯ ಹೊತ್ತಿಗೆ ನನಗೆ ಬರುತ್ತಿದ್ದ ಹೆಗಲು ನೋವು ಈಗ ಇಲ್ಲ. ಅತ್ತೆಗಾಗಿ ಕಿಟಕಿಯ ಕೆಳಗೆ ಒಂದೂವರೆ ಅಡಿ ಎತ್ತರದ ಗ್ರಾನೈಟ್ ಹಾಸಿದ ಸಣ್ಣ ಕಟ್ಟೆ ಕಟ್ಟಿ, ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕೆ ಕೂರಿಸಿದರು. ಹೆರೆಮಣೆಯನ್ನು ಈಗ ಆ ಕಟ್ಟೆಯ ಮೇಲೆಯೇ ಇಟ್ಟು, ಕಾಲು ಇಳಿಬಿಟ್ಟು ಕುಳಿತು ಕಾಯಿ ತುರಿಯುತ್ತಾರೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಈ ಕಟ್ಟೆ. ಖರ್ಚಿನ ಪಟ್ಟಿಯಲ್ಲಿ ಅದು ತೀರಾ ಸಣ್ಣ ಮೊತ್ತ.

ಹಲಗೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕರಾವಳಿಯಲ್ಲಿ ಒಳಾಂಗಣದ ಹಣ ಉಳಿಯುವುದೂ ಹಾಳಾಗುವುದೂ ಇಲ್ಲಿಯೇ. ಇವರ ಅಂದಾಜು ಪಟ್ಟಿಯಲ್ಲಿ ಪ್ರತಿ ಕಪಾಟಿಗೂ ಪ್ರತ್ಯೇಕ ಸಾಲು ಇತ್ತು: ಅಡಿಗೆ ಮನೆಗೆ ಮತ್ತು ಬಚ್ಚಲಿಗೆ ತಾಗಿದ ಗೋಡೆಗೆ ಭಾರತೀಯ ಮಾನಕದ ಐಎಸ್ 710 ಗುರುತಿನ 18 ಮಿ.ಮೀ. ಮೆರೈನ್ ಪ್ಲೈವುಡ್, ಮಲಗುವ ಕೋಣೆಗೆ ಐಎಸ್ 303 ಗುರುತಿನದು, ಹಿಂಬದಿಗೆ ಕೂಡ ಪ್ಲೈವುಡ್, ಒಳಗಿನ ಮತ್ತು ಹೊರಗಿನ ಲ್ಯಾಮಿನೇಟಿನ ದಪ್ಪ, ಹಿಂಜ್‌ಗಳ ಸಂಖ್ಯೆ. ಐಎಸ್ 710 ದರ್ಜೆಯ ಪ್ಲೈವುಡ್ 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು ಎಂಬುದು ಅದರ ನಿಯಮ. ಹಾಳೆಯ ಮೇಲೆ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಪರವಾನಗಿ ಯಾರದು, ಈಗಲೂ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಟೆಂಪೋದಿಂದ ಹಾಳೆಗಳನ್ನು ಇಳಿಸಿದ ದಿನ ಅಂಗಳದಲ್ಲಿ ನಿಂತು ನಾನು ಪ್ರತಿ ಹಾಳೆಯ ಸಂಖ್ಯೆಯನ್ನು ನೋಡಿದೆ. ಯಾರೂ ಮುಖ ಸಿಂಡರಿಸಲಿಲ್ಲ. ಹಿರಿಯ ಆಚಾರಿ ತಾವೇ ಹಾಳೆ ತಿರುಗಿಸಿ ತೋರಿಸಿದರು.

ಅವರೇ ಇನ್ನೊಂದು ಮಾತು ಹೇಳಿದರು: "ಟೀಚ್ರೆ, ಗುರುತು ನೋಡಿದ್ದು ಸಾಕಾಗುದಿಲ್ಲ. ಒಂದು ತುಂಡು ಕುದಿಸಿ ನೋಡಿ." ನಮ್ಮ ಬಚ್ಚಲಿನಲ್ಲಿ ಇಂದಿಗೂ ಹಂಡೆಯ ಒಲೆ ಇದೆ. ತಂಗಿಯ ಮನೆಯಲ್ಲಿ ಉಳಿದಿದ್ದ ಸಾಧಾರಣ ಪ್ಲೈವುಡ್‌ನ ಒಂದು ತುಂಡನ್ನೂ ಇವರು ಕೊಯ್ದುಕೊಟ್ಟ ಮೆರೈನ್ ತುಂಡನ್ನೂ ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದಕ್ಕೆ ಹಾಕಿ, ಮೂರು ದಿನ ಬೆಳಿಗ್ಗೆ ಸಂಜೆ ಆ ಒಲೆಯ ಮೇಲಿಟ್ಟು ಕುದಿಸಿದೆ. ಎರಡನೆಯ ದಿನ ಸಂಜೆ ಸಾಧಾರಣ ತುಂಡಿನ ಒಂದು ಮೂಲೆ ಬಾಯಿ ಬಿಟ್ಟಿತು. ಮೂರನೆಯ ದಿನ ಅದನ್ನು ನೀರಿನಿಂದ ತೆಗೆದಾಗ, ಬೆಂದ ಪತ್ರೊಡೆಯ ಸುತ್ತು ಬಿಚ್ಚಿದಂತೆ ಪದರಗಳು ಒಂದೊಂದಾಗಿ ಕೈಗೆ ಬಂದವು. ಮೆರೈನ್ ತುಂಡಿನ ಬಣ್ಣ ಕಪ್ಪಾಗಿತ್ತು, ಅಂಚು ತುಸು ಒರಟಾಗಿತ್ತು, ಆದರೆ ಉಗುರು ತೂರಿಸಲೂ ಪದರಗಳ ನಡುವೆ ಎಡೆ ಇರಲಿಲ್ಲ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮವಲ್ಲ. ಆದರೂ ಲಕ್ಷಗಟ್ಟಲೆ ಹಣ ಹಾಕುವ ಮೊದಲು ಒಂದು ತುಂಡನ್ನು ಮೂರು ದಿನ ಕುದಿಸುವುದು ಯಾರ ಮನೆಯಲ್ಲೂ ಆಗುವ ಕೆಲಸ. ತುಂಡು ಕೊಡಲು ಹಿಂದೆಮುಂದೆ ನೋಡುವವರಿಂದ ಹಲಗೆ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಡಿಗೆ ಮನೆಯ ಕೆಳಗಿನ ಕಪಾಟುಗಳನ್ನು ನೆಲಕ್ಕೆ ತಾಗಿಸದೆ ನಾಲ್ಕು ಇಂಚಿನ ಕಾಲುಗಳ ಮೇಲೆ ಕೂರಿಸಿದ್ದಾರೆ. ಎದುರಿನ ಪಟ್ಟಿಯನ್ನು ಕಳಚಿ, ಅಡಿಯಲ್ಲಿ ಗುಡಿಸಿ ಒರೆಸಬಹುದು. ಒರಲೆಯ ಮಣ್ಣಿನ ಗೆರೆ ಎದ್ದರೂ ಕಣ್ಣಿಗೆ ಬೀಳುತ್ತದೆ. ಮಲಗುವ ಕೋಣೆಯ ಬಟ್ಟೆಯ ಕಪಾಟನ್ನು ಪಡುವಣ ಗೋಡೆಯಿಂದ ಒಳಗೋಡೆಗೆ ಸ್ಥಳಾಂತರಿಸಿ, ಹಿಂಬದಿಗೂ ಗೋಡೆಗೂ ನಡುವೆ ಎರಡು ಇಂಚು ಎಡೆ ಬಿಟ್ಟು, ಬಾಗಿಲುಗಳ ಮೇಲೆ ಕೆಳಗೆ ಗಾಳಿಯಾಡುವ ಪಟ್ಟಿಗಳನ್ನು ಇಟ್ಟರು. ಹೊರಗೋಡೆ ಮಳೆಗೆ ತಣ್ಣಗಾಗಿ, ಅದಕ್ಕೆ ಒತ್ತಿಕೊಂಡ ಕಪಾಟಿನ ಒಳಗೆ ತೇವ ನಿಂತು, ಬೂಷ್ಟು ಹಿಡಿಯುವುದು ನಮ್ಮೂರಿನ ಪ್ರತಿ ಮನೆಯ ಅನುಭವ. ಜುಲೈ ಕೊನೆಯಲ್ಲಿ ಮದುವೆಯೊಂದಕ್ಕೆ ಹೋಗಲೆಂದು ಧರ್ಮಾವರಂ ಸೀರೆ ತೆಗೆದಾಗ ಅದಕ್ಕೆ ಮುಗ್ಗುಲು ವಾಸನೆ ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ಇದು ಮೊದಲ ಸಲ. ಆದರೆ ಜಗಲಿಯ ಚಪ್ಪಲಿ ಗೂಡಿಗೆ ಅದೇ ಎಚ್ಚರ ವಹಿಸಲಿಲ್ಲ. ಅದರ ಬಾಗಿಲು ಗಟ್ಟಿ ಮುಚ್ಚಿಕೊಳ್ಳುವುದರಿಂದ, ಯಜಮಾನರ ಚರ್ಮದ ಬೂಟುಗಳು ಆಗಸ್ಟಿನಲ್ಲಿ ಹಸಿರು ಬಣ್ಣಕ್ಕೆ ತಿರುಗಿದವು. ಹೇಳಿದ ಮೇಲೆ ಬಂದು ಬಾಗಿಲಿನಲ್ಲಿ ತೂತುಗಳನ್ನು ಕೊರೆದುಕೊಟ್ಟರು.

ಬಣ್ಣದ ಕೆಲಸದಲ್ಲಿ ಅವರು ತೋರಿಸಿದ ಹಟಕ್ಕೆ ನಾನು ಆಗ ಸಿಟ್ಟುಗೊಂಡಿದ್ದೆ, ಈಗ ಕೃತಜ್ಞಳಾಗಿದ್ದೇನೆ. ಜನವರಿಯಲ್ಲಿ ಪೈಂಟರ್ ಬಂದು ಪಡುವಣ ಗೋಡೆಗೆ ಒಂದೂವರೆ ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಾಕಿ ಅಂಟಿಸಿ ಹೋದರು. ಮರುದಿನ ಬಿಚ್ಚಿದಾಗ ಒಳಮೈಯಲ್ಲಿ ನೀರಿನ ಸಣ್ಣ ಹನಿಗಳಿದ್ದವು. ಮಳೆ ನಿಂತು ಮೂರು ತಿಂಗಳಾಗಿದ್ದರೂ ಗೋಡೆ ಒಳಗೆ ಹಸಿಯಾಗಿಯೇ ಇತ್ತು. ಕೆಂಪುಕಲ್ಲು ಸಣ್ಣ ಸಣ್ಣ ರಂಧ್ರಗಳ ಕಲ್ಲು, ನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಆ ತೇವ ಹೊರಬರುವ ಮೊದಲೇ ಪುಟ್ಟಿ ಹಾಕಿ ಎಮಲ್ಶನ್ ಬಳಿದರೆ, ಒಳಗಿನ ನೀರು ಲವಣವನ್ನೂ ಹೊತ್ತುಕೊಂಡು ಬಂದು ಬಣ್ಣವನ್ನು ತಳ್ಳುತ್ತದೆ. ಪ್ರತಿ ವರ್ಷ ನಮ್ಮ ಗೋಡೆಯಲ್ಲಿ ಆಗುತ್ತಿದ್ದುದು ಅದೇ. "ಹೊರಗೆ ಸರಿ ಮಾಡದೆ ಒಳಗೆ ಬಣ್ಣ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ, ನಾಳೆ ನೀವು ನನ್ನನ್ನೇ ಕೇಳ್ತೀರಿ" ಎಂದು ಪೈಂಟರ್ ನೇರವಾಗಿ ಹೇಳಿದರು. ಹೊರಗೋಡೆಯ ಬಿರುಕುಗಳನ್ನು ಕೆದಕಿ ತುಂಬಿಸಿ, ಕಿಟಕಿಯ ಸಜ್ಜೆಯ ಅಡಿಯಲ್ಲಿ ನೀರು ಗೋಡೆಯ ಕಡೆಗೆ ಹರಿಯದಂತೆ ಗೀರು ಕೊರೆದು, ಹೊರಮೈಗೆ ನೀರು ತಡೆಯುವ ಲೇಪ ಕೊಟ್ಟು, ಒಳಗಿನ ಸಡಿಲ ಗಾರೆಯನ್ನು ಕೆತ್ತಿ, ಆರು ವಾರ ಕಿಟಕಿ ತೆರೆದಿಟ್ಟು ಒಣಗಿಸಿದರು. ಮಾರ್ಚ್ ಮೊದಲ ವಾರದಲ್ಲಿ ಮತ್ತೆ ಹಾಳೆ ಅಂಟಿಸಿ ನೋಡಿ, ಒಣಗಿದ್ದನ್ನು ಖಚಿತಪಡಿಸಿಕೊಂಡ ಮೇಲೆಯೇ ಪ್ರೈಮರ್ ಹಚ್ಚಿದ್ದು. ಈ ಮಳೆಗಾಲದಲ್ಲಿ ಆ ಗೋಡೆಯಲ್ಲಿ ಅಂಗೈ ಅಗಲದ ಒಂದೇ ಒಂದು ಕಲೆ, ಕಿಟಕಿಯ ಎಡಮೂಲೆಯಲ್ಲಿ, ಕಾಣಿಸಿಕೊಂಡಿದೆ. ಬಣ್ಣ ಎದ್ದಿಲ್ಲ.

ಚಾವಡಿಯ ಮುಚ್ಚಿಗೆಯನ್ನು ಅವರು ಮುಟ್ಟಲಿಲ್ಲ ಎಂದರೆ ಸರಿಯಲ್ಲ, ಮುಚ್ಚಲಿಲ್ಲ ಎನ್ನಬೇಕು. 1860ರ ದಶಕದಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಕರಾವಳಿಯ ಮನೆಗಳಿಗೆ ಒಗ್ಗಿಬಂದಿರುವ ಹಂಚಿನ ಮಾಡು ಅದರ ಮೇಲಿದೆ. ಹಂಚುಗಳ ನಡುವೆ ಸದಾ ಗಾಳಿಯಾಡುತ್ತದೆ, ಒಂದು ಹಂಚು ಒಡೆದರೆ ಅದೊಂದನ್ನೇ ಬದಲಿಸಬಹುದು. ಅದರ ಕೆಳಗೆ ಜಿಪ್ಸಮ್ ಹಾಕಿದರೆ ಸೋರಿದ ಹನಿ ಎಲ್ಲಿಂದ ಬಂತೆಂದು ಗೊತ್ತಾಗದೆ, ಮೇಲೆ ಇಲಿಗಳಿಗೆ ಜಾಗವಾಗಿ, ಕೆಳಗೆ ಹಳದಿ ಕಲೆ ಮೂಡುತ್ತದೆ. ಇವರು ಮಾಡಿನ ಪಕ್ಕಾಸುಗಳನ್ನು (ಹಂಚು ಹೊರುವ ಮರದ ತೊಲೆಗಳನ್ನು) ಪರೀಕ್ಷಿಸಿ, ಕುಂಬಾದ ಎರಡನ್ನು ಬದಲಿಸಿ, ಹಿಂದಿನವರು ಮಾಡುತ್ತಿದ್ದಂತೆ ಅವುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದರು. ಕೈಗೆ ತಾಗಿದರೆ ಸುಡುವ ಎಣ್ಣೆ ಅದು, ವಾಸನೆ ಎರಡು ವಾರ ಹೋಗಲಿಲ್ಲ, ಆದರೆ ಒರಲೆಗೆ ಅದಕ್ಕಿಂತ ಒಳ್ಳೆಯ ಮದ್ದು ಇಲ್ಲಿನ ಆಚಾರಿಗಳಿಗೆ ಗೊತ್ತಿಲ್ಲ. ಮುಚ್ಚಿಗೆಯ ಹಲಗೆಗಳನ್ನು ತೊಳೆದು, ಒಣಗಿಸಿ, ತೆಳುವಾಗಿ ಪಾಲಿಶ್ ಕೊಟ್ಟ ಮೇಲೆ ಹೆಬ್ಬಲಸಿನ ಹೊಂಬಣ್ಣ ಮತ್ತೆ ಕಂಡಿತು. ಜಗಲಿಯ ಮಾಡಿನಲ್ಲಿ ನಾಲ್ಕು ಗಾಜಿನ ಹಂಚು ಇಟ್ಟದ್ದರಿಂದ ಮಳೆಗಾಲದ ಮಧ್ಯಾಹ್ನವೂ ಅಲ್ಲಿ ದೀಪ ಹಾಕದೆ ಪೇಪರ್ ಓದಬಹುದು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಹಳೆಯ ಮನೆಗಳನ್ನು ತಂದು ಮರಳಿ ಕಟ್ಟಿರುವುದನ್ನು ನೋಡಿದವರಿಗೆ, ಇಂಥ ಮರಗೆಲಸ ಒಮ್ಮೆ ಹೋದರೆ ಅದನ್ನು ಮತ್ತೆ ತರುವುದು ಎಷ್ಟು ಕಷ್ಟ ಎಂದು ವಿವರಿಸಬೇಕಾಗಿಲ್ಲ.

ನೆಲದ ವಿಷಯದಲ್ಲಿ ಮನೆಯೊಳಗೇ ಭಿನ್ನಾಭಿಪ್ರಾಯವಿತ್ತು. ಮಗಳಿಗೆ ಟೈಲ್ಸ್ ಬೇಕಿತ್ತು, ಅತ್ತೆಗೆ ಕಾವಿ ನೆಲವೇ ಆಗಬೇಕಿತ್ತು. ಮಳೆಗಾಲದಲ್ಲಿ ನುಣುಪಾದ ಟೈಲ್ಸಿನ ಮೇಲೆ ನೀರು ಬೆವರಿ ವಯಸ್ಸಾದವರು ಜಾರಿ ಬೀಳುವ ಭಯ ನನಗೂ ಇದ್ದುದರಿಂದ ನಾನು ಅತ್ತೆಯ ಪಕ್ಷ ವಹಿಸಿದೆ. ಅಡಿಗೆ ಮನೆಯ ಹೊಸ್ತಿಲ ಬಳಿ ಒಂದೂವರೆ ಗಜ ಉದ್ದಕ್ಕೆ ಬಿರುಕು ಬಿಟ್ಟು, ಕಾವಿ ಎದ್ದು ಹೋಗಿತ್ತು. ಕಾವಿ ನೆಲ ಬಲ್ಲವರು ಈಗ ಕಡಿಮೆ. ತಂಡದವರು ಬ್ರಹ್ಮಾವರದ ಕಡೆಯಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆತಂದರು. ಅವರು ಬಿರುಕನ್ನು ಕೆತ್ತಿ ಅಗಲ ಮಾಡಿ, ಒಂದು ದಿನ ನೀರು ನಿಲ್ಲಿಸಿ, ತಳಕ್ಕೆ ಗಾರೆ ಹಾಕಿ, ಅದು ಇನ್ನೂ ಹಸಿ ಇರುವಾಗಲೇ ಸಿಮೆಂಟಿಗೆ ಕಾವಿ ಪುಡಿ ಬೆರೆಸಿದ ಲೇಪವನ್ನು ಹರಡಿ, ಉಕ್ಕಿನ ಕರಣೆಯಿಂದ ಉಜ್ಜತೊಡಗಿದರು. ಕಾವಿ ಪುಡಿಯ ತೂಕ ಸಿಮೆಂಟಿನ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು, ಮೀರಿದರೆ ಬಣ್ಣ ಗಾಢವಾಗುತ್ತದೆಯೇ ಹೊರತು ನೆಲ ಗಟ್ಟಿಯಾಗುವುದಿಲ್ಲ ಎಂದು ಅವರು ತಕ್ಕಡಿಯಲ್ಲಿ ತೂಗಿಯೇ ಬೆರೆಸಿದರು. ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೆ, ಮೊಣಕಾಲೂರಿ, ಅಷ್ಟೇ ಜಾಗವನ್ನು ಉಜ್ಜುತ್ತ ಇದ್ದರು. ಮೊದಲು ಮಣ್ಣಿನಂತೆ ಮಂಕಾಗಿದ್ದ ಮೈ, ಸಂಜೆಯ ಹೊತ್ತಿಗೆ ಬಾಗಿಲಿನ ಬೆಳಕನ್ನು ಹಿಡಿಯತೊಡಗಿತು. ನಂತರ ಹತ್ತು ದಿನ ಒದ್ದೆ ಗೋಣಿ ಹೊದೆಸಿ, ಒಣಗಲು ಬಿಡಬೇಡಿ ಎಂದು ಅತ್ತೆಗೆ ಒಪ್ಪಿಸಿ ಹೋದರು. ತೇಪೆಯ ಬಣ್ಣ ಹಳೆಯ ನೆಲಕ್ಕಿಂತ ಎದ್ದು ಕಾಣುತ್ತದೆ. ಹೀಗಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು, ಆದ್ದರಿಂದ ಇದನ್ನು ತಪ್ಪೆಂದು ಎಣಿಸುವುದಿಲ್ಲ. ಅತ್ತೆ ವಾರಕ್ಕೊಮ್ಮೆ ಬಟ್ಟೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಒರೆಸುತ್ತಿದ್ದಾರೆ.

ವಯರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ತಂತಿಗಳನ್ನು ಬದಲಿಸಿ, ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿದ್ದಾರೆ. ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸಾಧನ ಅದು, ಗೋಡೆಗಳು ಹಸಿಯಾಗುವ ನಮ್ಮ ಮನೆಗಳಿಗೆ ಇರಲೇಬೇಕು. ದೀಪಗಳ ಆಯ್ಕೆಯಲ್ಲಿ ಮಾತ್ರ ಎಡವಿದರು. ಮನೆಯಿಡೀ 6500 ಕೆಲ್ವಿನ್‌ನ ನೀಲಿ ಮಿಶ್ರಿತ ಬಿಳಿ ಎಲ್‌ಇಡಿ ಹಾಕಿದ್ದರು. ಆ ಬೆಳಕಿನಲ್ಲಿ ಕಾವಿ ನೆಲ ಸತ್ತ ಕಂದು ಬಣ್ಣಕ್ಕೆ ತಿರುಗಿ, ಮುಚ್ಚಿಗೆಯ ಹೊಂಬಣ್ಣ ಬೂದಿ ಬಣ್ಣವಾಗಿ ಕಂಡಿತು. ಚಾವಡಿಯ ದೀಪಗಳನ್ನು 3000 ಕೆಲ್ವಿನ್‌ನವಕ್ಕೆ ಬದಲಿಸಿದ ಮೇಲೆ ಕೋಣೆ ಮತ್ತೆ ನಮ್ಮದೆನಿಸಿತು. ಬದಲಿಸಿದ ಖರ್ಚನ್ನು ನಾವೇ ಭರಿಸಿದೆವು. ನೆಲಕ್ಕೂ ಮರಕ್ಕೂ ಅಷ್ಟು ಕಾಳಜಿ ತೋರಿಸಿದವರು ಒಂದು ಬಲ್ಬನ್ನು ಹಚ್ಚಿ ನೋಡಿ ನಿರ್ಧರಿಸಬಹುದಿತ್ತು.

ಇತರ ತಪ್ಪುಗಳನ್ನೂ ಹೇಳಬೇಕು. ಏಪ್ರಿಲ್ ಮಧ್ಯದಲ್ಲಿ ಬರುವ ತುಳುವರ ಹೊಸ ವರ್ಷವಾದ ಬಿಸುವಿನ ಮೊದಲು ಮುಗಿಸಿಕೊಡುತ್ತೇವೆ ಎಂದು ಬರೆದುಕೊಟ್ಟಿದ್ದರು, ಮುಗಿದದ್ದು ಇಪ್ಪತ್ತು ದಿನ ತಡವಾಗಿ. ಗೋಡೆ ಒಣಗಲು ಹಿಡಿದ ಕಾಲವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಮಾರ್ಚ್ ಕೊನೆಯಲ್ಲಿ ಆಚಾರಿಗಳನ್ನು ಹತ್ತು ದಿನ ಇನ್ನೊಂದು ಮನೆಗೆ ಕಳುಹಿಸಿದ್ದನ್ನು ನಮಗೆ ತಿಳಿಸಿರಲಿಲ್ಲ. ಬಿಸು ಕಣಿಯನ್ನು ದೇವರ ಕೋಣೆಯಲ್ಲಿ ಇಡಲಾಗದೆ, ಚಾವಡಿಯ ಮೂಲೆಯಲ್ಲಿ ಹಲಗೆಗಳ ರಾಶಿಯ ಪಕ್ಕದಲ್ಲಿ ಇಡಬೇಕಾಗಿ ಬಂದಾಗ ಅತ್ತೆ ಮಾತನಾಡಲಿಲ್ಲ, ಅದು ನನಗೆ ಬಹಳ ನೋವು ಕೊಟ್ಟಿತು. ಡ್ರಿಲ್ ಮಾಡುವಾಗ ಗೋಡೆಯೊಳಗಿನ ನೀರಿನ ಪೈಪಿಗೆ ತೂತು ಬಿದ್ದು ಎರಡು ದಿನ ಬಾವಿಯಿಂದ ಸೇದಿ ತಂದೆವು. ಕೊರೆಯುವ ಮೊದಲು ಪೈಪು ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ಮಳೆಗಾಲದಲ್ಲಿ ಹೊರಬಿದ್ದ ದೋಷಗಳು ಮೂರು. ಡ್ರಾಯರ್‌ಗಳ ಅಂಚಿನ ಪಟ್ಟಿಯನ್ನು ಯಂತ್ರದಲ್ಲಿ ಒತ್ತಿಸದೆ ಮನೆಯಲ್ಲೇ ಕೈಯಿಂದ ಅಂಟಿಸಿದ್ದರು, ಎರಡು ಡ್ರಾಯರ್‌ಗಳಲ್ಲಿ ಅದು ಆಗಸ್ಟಿನಲ್ಲಿ ಕಿತ್ತು ಬಂತು. ದೇವರ ಕೋಣೆಯ ಹಲಸಿನ ಬಾಗಿಲು ತೇವಕ್ಕೆ ಹಿಗ್ಗಿ, ಚೌಕಟ್ಟಿಗೆ ಸಿಕ್ಕಿಕೊಂಡಿತು. ಮೂರನೆಯದು ಹೆಚ್ಚು ಗಂಭೀರವಾದದ್ದು. ಅಡಿಗೆ ಮನೆಯಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಿಂಜ್‌ಗಳನ್ನು ಹಾಕಿದ್ದವರು, ಕೈತೊಳೆಯುವ ಬೇಸಿನ್ನಿನ ಕೆಳಗಿನ ಕಪಾಟಿಗೆ ನಿಕಲ್ ಲೇಪಿಸಿದ ಸಾಧಾರಣ ಕಬ್ಬಿಣದವನ್ನು ಹಾಕಿದ್ದರು. ನೋಡಲು ಎರಡೂ ಒಂದೇ ಥರ ಹೊಳೆಯುತ್ತವೆ. ಉಪ್ಪು ಗಾಳಿಗೂ ತೇವಕ್ಕೂ ಲೇಪದ ಗೀರುಗಳಿಂದ ತುಕ್ಕು ಹೊಕ್ಕು, ಜುಲೈ ಮಧ್ಯದಲ್ಲಿ ಬಿಳಿ ಲ್ಯಾಮಿನೇಟಿನ ಮೇಲೆ ಕಂದು ನೀರಿನ ಗೆರೆ ಇಳಿದಾಗಲೇ ನನಗೆ ಗೊತ್ತಾದದ್ದು. ಅಂದಾಜು ಪಟ್ಟಿಯಲ್ಲಿ ಹಿಂಜ್‌ಗಳ ಸಂಖ್ಯೆ ಇತ್ತು, ದರ್ಜೆ ಅಡಿಗೆ ಮನೆಯ ಸಾಲಿನಲ್ಲಿ ಮಾತ್ರ ಇತ್ತು. ಹಲಗೆಯ ಪ್ರತಿ ಹಾಳೆ ನೋಡಿದ ನಾನು ಆ ಸಾಲನ್ನು ಓದುವಾಗ ಗಮನಿಸಲಿಲ್ಲ ಎಂಬುದೂ ನಿಜ.

ಖರ್ಚು ಜಿಎಸ್‌ಟಿ ಸೇರಿ 6,80,000 ರೂಪಾಯಿ ಎಂದು ಅಂದಾಜಿಸಿದ್ದರು, ಕೊನೆಗೆ 7,46,000 ಆಯಿತು. ಹೆಚ್ಚಿದ್ದರಲ್ಲಿ ಬಹುಪಾಲು ಹೊರಗೋಡೆಯ ರಿಪೇರಿಗೆ ಮತ್ತು ಮಾಡಿನ ಪಕ್ಕಾಸುಗಳಿಗೆ ಹೋದದ್ದು. ಪ್ರತಿಯೊಂದಕ್ಕೂ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರು, ಬಿಲ್ಲು ಕೊಟ್ಟಿದ್ದರು. ಹಣವನ್ನು ಹಂತ ಹಂತವಾಗಿ ಕೊಡುವ ಮಾತಾಗಿತ್ತು. ನಾನು ಆರಂಭದಲ್ಲೇ ಒಂದು ಷರತ್ತು ಇಟ್ಟಿದ್ದೆ: ಒಟ್ಟು ಮೊತ್ತದ ಶೇಕಡಾ ಹತ್ತನ್ನು ಮಳೆಗಾಲ ಮುಗಿದು, ನವರಾತ್ರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಿದ ಮೇಲೆ ಕೊಡುತ್ತೇನೆ ಎಂದು. ಮೊದಲ ಸಂಸ್ಥೆಯವರು ಇದನ್ನು ಕೇಳಿದ ಕೂಡಲೇ ಆಗುವುದಿಲ್ಲ ಎಂದಿದ್ದರು. ಇವರು ಒಂದು ದಿನ ಯೋಚಿಸಿ, ಒಪ್ಪಿ, ಕರಾರಿನಲ್ಲಿ ಬರೆದುಕೊಟ್ಟರು. ನಮ್ಮ ಊರಿನಲ್ಲಿ ಒಳಾಂಗಣ ಮಾಡಿಸುವ ಪ್ರತಿಯೊಬ್ಬರೂ ಈ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿಕೊಳ್ಳಬೇಕು ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಕೆಲಸದವರ ಮೇಲೆ ಅಪನಂಬಿಕೆಯಿಂದ ನಾನು ಇದನ್ನು ಕೇಳಿದ್ದಲ್ಲ. ಮೇ ತಿಂಗಳಿನಲ್ಲಿ ಅವರಿಗೂ ಕಾಣದ ದೋಷ ಆಗಸ್ಟಿನಲ್ಲಿ ಇಬ್ಬರಿಗೂ ಕಾಣುತ್ತದೆ.

ವಿಜಯದಶಮಿಯ ಮರುದಿನ ವಿನ್ಯಾಸಕಿ, ಹಿರಿಯ ಆಚಾರಿ ಮತ್ತು ಒಬ್ಬ ಸಹಾಯಕ ಬಂದರು. ಮನೆಯ ಪ್ರತಿ ಬಾಗಿಲನ್ನೂ ಡ್ರಾಯರನ್ನೂ ತೆರೆದು ಮುಚ್ಚಿ ನೋಡಿ ಪಟ್ಟಿ ಮಾಡಿಕೊಂಡರು. ಬೇಸಿನ್ನಿನ ಕೆಳಗಿನ ಎಂಟೂ ಹಿಂಜ್‌ಗಳನ್ನು ತಮ್ಮ ಖರ್ಚಿನಲ್ಲಿ 304 ದರ್ಜೆಯವಕ್ಕೆ ಬದಲಿಸಿದರು. ಡ್ರಾಯರ್‌ಗಳನ್ನು ಕಳಚಿಕೊಂಡು ಹೋಗಿ, ಅಂಚನ್ನು ಯಂತ್ರದಲ್ಲಿ ಒತ್ತಿಸಿ, ನಾಲ್ಕನೆಯ ದಿನ ತಂದು ಕೂರಿಸಿದರು. ದೇವರ ಕೋಣೆಯ ಬಾಗಿಲಿಗೆ ಮಾತ್ರ ಆಚಾರಿ ಕೀಸುಳಿ ಹಚ್ಚಲು ಒಪ್ಪಲಿಲ್ಲ. "ಈಗ ಕೀಸಿದ್ರೆ ಬೇಸಿಗೆಯಲ್ಲಿ ಎಡೆ ಬೀಳ್ತದೆ, ಮರ ಒಂದು ವರ್ಷ ಕುಣಿದು ಸುಮ್ಮನಾಗ್ಲಿ" ಎಂದು ಹೇಳಿ, ಜನವರಿಯಲ್ಲಿ ಬಂದು ನೋಡುವುದಾಗಿ ತಿಳಿಸಿದರು. ಉಳಿದ ಶೇಕಡಾ ಹತ್ತನ್ನು ಡ್ರಾಯರ್ ಬಂದ ದಿನವೇ ಕೊಟ್ಟುಬಿಟ್ಟೆ. ಬಚ್ಚಲು ಮನೆಯ ಕೆಲಸವನ್ನೂ ಈ ದೀಪಾವಳಿಯ ನಂತರ ಇವರಿಗೇ ಒಪ್ಪಿಸಿದ್ದೇವೆ. ಹೊಸ ಅಂದಾಜು ಪಟ್ಟಿಯಲ್ಲಿ ಹಿಂಜ್, ಸ್ಕ್ರೂ, ಚಿಲಕ ಎಲ್ಲದರ ದರ್ಜೆಯನ್ನೂ ಸಾಲು ಸಾಲಾಗಿ ಬರೆಸಿಕೊಂಡಿದ್ದೇನೆ, ನೀರಿನ ಪೈಪುಗಳು ಗೋಡೆಯಲ್ಲಿ ಎಲ್ಲೆಲ್ಲಿ ಹೋಗಿವೆ ಎಂಬ ನಕ್ಷೆಯನ್ನು ಈ ಸಲ ನಾನೇ ಬರೆದು ಅವರ ಕೈಗೆ ಕೊಟ್ಟಿದ್ದೇನೆ.